ಅಪ್ಪನ ಬಲಗಣ್ಣು, ಕನ್ನಡಿಯ ಗಣಪತಿ

ಕಳೆದ ವರ್ಷ ಅಪ್ಪ ಒಂದು ವಾರಕ್ಕೂ ಹೆಚ್ಚು ಕಾಲ ನೆಲ ನೋಡುತ್ತ ಬದುಕಿದರು. ಬಲಗಣ್ಣಿನ ಹಿಂಭಾಗದ ಪರದೆ ಕಳಚಿಕೊಂಡಿತ್ತು. ಡಾಕ್ಟರು ಅದನ್ನು ಮತ್ತೆ ಕೂರಿಸಿ, ಅಲ್ಲಾಡದಂತೆ ಒತ್ತಿ ಹಿಡಿಯಲು ಕಣ್ಣೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಟ್ಟಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೇರುತ್ತದೆ. ಅದು ಪರದೆಯ ಕಡೆಗೇ ಏರಬೇಕಾದರೆ ಮುಖ ಸದಾ ಕೆಳಗಿರಬೇಕು. ಎಡಗಣ್ಣು ಮೊದಲಿನಿಂದಲೂ ಮಂದ. ಬಲಗಣ್ಣೂ ಹೋದರೆ ಓದುವುದು, ಒಬ್ಬರೇ ಸಯನ್ ಸ್ಟೇಷನ್ನಿನವರೆಗೆ ಹೋಗಿಬರುವುದು ಎಲ್ಲ ಮುಗಿದಂತೆ. ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ.

ಕಣ್ಣಿನ ವಿಷಯದಲ್ಲಿ ನಮ್ಮಿಬ್ಬರದು ಹಳೆಯ ಜಗಳ. ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದ ಅಪ್ಪನಿಗೆ, ದೇವರಿದ್ದಾನೆ ಎನ್ನಲು ಕಣ್ಣೊಂದೇ ಸಾಕಾಗಿತ್ತು. ಇಷ್ಟು ಚೊಕ್ಕವಾದ ಉಪಕರಣ ಮಾಡಿದವನಿಲ್ಲದೆ ಆದೀತೇ? ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ ನಾನು ಊಟದ ಮಧ್ಯೆ ವಾದ ಹೂಡುತ್ತಿದ್ದೆ. ನಮ್ಮ ಕಣ್ಣಿನಲ್ಲಿ ನರದ ತಂತಿಗಳೆಲ್ಲ ಪರದೆಯ ಮುಂದಿವೆ, ಬೆಳಕು ಅವನ್ನು ದಾಟಿಕೊಂಡೇ ಬರಬೇಕು. ಮೀನು ಮಾರ್ಕೆಟ್ಟಿನಲ್ಲಿ ಬಿಳಿಚಿಕೊಂಡು ಬಿದ್ದಿರುವ ಬೊಂಡಾಸಿಗಾದರೆ, ಅಂದರೆ ಸ್ಕ್ವಿಡ್ಡಿಗಾದರೆ, ತಂತಿ ಸರಿಯಾಗಿ ಹಿಂದಿದೆ.

“ಹಾಗಾದ್ರೆ ದೇವರಿಗೆ ಬೊಂಡಾಸಿನ ಮೇಲೆ ಪ್ರೀತಿ ಜಾಸ್ತಿ ಅಂತಾಯ್ತು. ದೇವರೇ ಇಲ್ಲ ಅಂತ ಆಗ್ಲಿಲ್ವಲ್ಲ,” ಎನ್ನುತ್ತಿದ್ದರು ಅಪ್ಪ.

“ಊಟದ ಹೊತ್ತಲ್ಲಿ ಮೀನು ಮಾರ್ಕೆಟ್ ಬೇಡ,” ಎನ್ನುತ್ತಿದ್ದಳು ಅಮ್ಮ.

ಆಪರೇಷನ್ ಆದ ಮೇಲೆ ಹಾಲ್‌ನ ದಿವಾನದ ಮೇಲೆ, ಮುಖ ಅಂಚಿನಿಂದಾಚೆ ಬರುವಂತೆ ಅಪ್ಪ ಬೋರಲು ಮಲಗಿದರು. ಮರುದಿನ ಬೆಳಿಗ್ಗೆ ಅಮ್ಮ ಗಂಟೆ ಬಾರಿಸಿ ಮಂಗಳಾರತಿ ತಂದಳು. ಜೀವಮಾನದ ಅಭ್ಯಾಸ, ಅಪ್ಪ ತಲೆಯೆತ್ತಿ ಕೈ ಚಾಚಿಯೇಬಿಟ್ಟರು.

“ರೀ, ತಲೆ! ತಲೆ!”

ನಾನು ಗಾಬರಿಯಾಗಿ ಆಸ್ಪತ್ರೆಗೆ ಫೋನ್ ಮಾಡಿದೆ. “ಏಕ್ ಬಾರ್ ಹುವಾ ತೋ ಚಲೇಗಾ, ಫಿರ್ ಮತ್ ಕರ್ನಾ,” ಎಂದರು ಅಲ್ಲಿಯವರು. ಒಂದು ಸಲಕ್ಕೆ ಅಡ್ಡಿಯಿಲ್ಲ, ಮತ್ತೆ ಮಾಡಬಾರದು. ಆದರೆ ದೇವರ ದರ್ಶನವಾಗದೆ ಅಪ್ಪನಿಗೆ ಕಾಫಿ ಇಳಿಯದು. ಗೂಡಿನಲ್ಲಿದ್ದ ಗಣಪತಿಯನ್ನು ತಂದು ಅವರ ಮುಖದ ಕೆಳಗೆ ನೆಲದ ಮೇಲಿಡೋಣ ಎಂದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇವರು ಮಂಚದ ಮೇಲೆ, ದೇವರು ಕಾಲ ಹತ್ರಾನಾ? ಏನು ಓದಿದ್ಯೋ!”

ಕೊನೆಗೆ ನನ್ನ ಕನ್ನಡಿಯನ್ನೇ ತಂದು ನೆಲದ ಮೇಲೆ ಓರೆಯಾಗಿ ನಿಲ್ಲಿಸಿದೆ. ದೇವರು ತಮ್ಮ ಜಾಗದಲ್ಲೇ ಉಳಿದು ಕನ್ನಡಿಗೆ ಇಳಿದರು. ಅಪ್ಪ ಎಡಗಣ್ಣು ಕಿರಿದಾಗಿಸಿ ನೋಡಿದರು.

“ಲೇ, ನಿನ್ನ ಗಣಪತಿ ಸೊಂಡಿಲು ಆ ಕಡೆ ತಿರುಗಿಸಿಬಿಟ್ಟಿದ್ದಾನೆ ಕಣೇ.”

ನಮ್ಮದು ಎಡಮುರಿ ಗಣಪತಿ. ಕನ್ನಡಿಯಲ್ಲಿ ಬಲಮುರಿಯಾಗಿದ್ದ. ಸೊಂಡಿಲು ಬಲಕ್ಕೆ ತಿರುಗಿದ ಗಣಪತಿಗೆ ಮಡಿ ಬಹಳ ಕಟ್ಟುನಿಟ್ಟು, ಎಲ್ಲರ ಮನೆಗೂ ಆಗಿಬರುವುದಿಲ್ಲವೆಂಬುದು ಅಮ್ಮನ ನಂಬಿಕೆ. ಅವಳು ಆರತಿ ತಟ್ಟೆ ಹಿಡಿದು ಪೇಚಿಗೆ ಸಿಕ್ಕಿ ನಿಂತಳು.

“ಕನ್ನಡೀಲಿರೋನಿಗೆ ಮಡಿನೂ ಕನ್ನಡೀಲೇ ಮಾಡು,” ಎಂದರು ಅಪ್ಪ ನೆಲಕ್ಕೆ.

ಅಮ್ಮ ನಕ್ಕಳು. ಆಪರೇಷನ್ನಿನ ನಂತರ ಮನೆಯಲ್ಲಿ ಕೇಳಿದ ಮೊದಲ ನಗು ಅದು ಎಂದು ಬರೆಯಲು ಹೊರಟಿದ್ದೆ. ಅದಕ್ಕೂ ಮೊದಲು ಯಾರೂ ನಗಲಿಲ್ಲವೆಂದು ಹೇಗೆ ಹೇಳಲಿ? ನೆನಪಿನಲ್ಲಿ ಉಳಿದದ್ದು ಇದೊಂದು.

ವಾದವನ್ನು ಮತ್ತೆ ಎತ್ತಿದವರು ಅಪ್ಪನೇ. ನನಗೆ ಆ ಧೈರ್ಯವಿರಲಿಲ್ಲ. ಗೋಡೆಯ ಬಣ್ಣ ಚಕ್ಕೆಯೇಳುವ ಹಾಗೆ ಏಳುವ ಪರದೆಯನ್ನು ಯಾವ ಎಂಜಿನಿಯರ್ ಮಾಡುತ್ತಾನೆ ಎಂಬ ಪ್ರಶ್ನೆ ಗಂಟಲಲ್ಲಿತ್ತು. ಆದರೆ ಅವರ ಕಣ್ಣನ್ನೇ ಪುರಾವೆ ಮಾಡಿಕೊಂಡು ಗೆಲ್ಲುವುದು ಬೇಡವಾಗಿತ್ತು.

“ಯಾಕೆ ಸುಮ್ಮನಿದ್ದೀಯ? ನಿನ್ನ ಕಡೆಗೊಂದು ಸಾಕ್ಷಿ ಸಿಕ್ತಲ್ಲ.”

“ಬೇಡಪ್ಪ ಈಗ.”

“ಕೆಡದೇ ಇರೋ ಮಷೀನು ನಾನು ಒಂದೂ ನೋಡಿಲ್ಲ. ಕೆಟ್ಟಾಗ ಮಾಡಿದವನನ್ನ ದಡ್ಡ ಅಂತ ಬೈದಿದ್ದೀವಿ. ಮಾಡಿದವನೇ ಇಲ್ಲ ಅಂತ ಯಾರೂ ಅನ್ನಲಿಲ್ಲ.”

“ದಡ್ಡ ದೇವರಾದ್ರೂ ಪರವಾಗಿಲ್ವಾ ನಿಮಗೆ?”

“ದಡ್ಡ ಅಲ್ಲ. ಹಳೇ ಮಷೀನನ್ನ ನಿಲ್ಲಿಸೋ ಹಾಗಿಲ್ಲ, ಅದರ ಮೇಲೇ ಹೊಸ ಪಾರ್ಟ್ ಕೂರಿಸಬೇಕು. ಆಗ ತಂತಿ ಅಡ್ಡ ಬರುತ್ತೆ.”

“ಅಪ್ಪ, ಅದಕ್ಕೇ ವಿಕಾಸ ಅನ್ನೋದು!”

“ಹೆಸರು ಏನಾದ್ರೂ ಇಟ್ಕೋ. ಮಷೀನು ನಡೀತಿದೆಯಲ್ಲ, ಅದು ಹೇಳು.”

ಹಳೇ ಮಷೀನಿನ ಮಾತು ಅವರದೋ ನನ್ನದೋ ಎಂದು ಈಗ ಅನುಮಾನ. ಅವರನ್ನು ಕೇಳಿದರೆ “ನೀನೇ ಹೇಳಿದ್ದು” ಎನ್ನುತ್ತಾರೆ. ತನ್ನದೆಂದು ಒಪ್ಪಿಕೊಂಡರೆ ಸೋತಂತಾಗುತ್ತದೆಂದು ಇಬ್ಬರಿಗೂ ಗೊತ್ತು. ನಾನೇನೂ ದೇವರನ್ನು ನಂಬಲು ಶುರುಮಾಡಲಿಲ್ಲ. ಆದರೆ ದೋಷ ತೋರಿಸಿದೊಡನೆ ವಾದ ಮುಗಿಯಿತೆಂದುಕೊಳ್ಳುವುದನ್ನು ಬಿಟ್ಟಿದ್ದೇನೆ.

ತಲೆಯೆತ್ತಬಹುದೆಂದು ಡಾಕ್ಟರು ಹೇಳಿದ ದಿನ ಬಲಗಣ್ಣಿಗೆ ಬರೀ ಮಂಜು ಕಂಡಿತು. ಅಪ್ಪ ಟ್ಯಾಕ್ಸಿಯಲ್ಲಿ ಅಮ್ಮನ ಕೈ ಹಿಡಿದೇ ಇದ್ದರು. ಗುಳ್ಳೆ ಕರಗುತ್ತ ಹೋದಂತೆ ಕಾಣುತ್ತದೆ, ಮೇಲಿನಿಂದ ತೆರೆದುಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ನಮಗೆ ನಂಬಿಕೆ ಬರಲಿಲ್ಲ.

ಕೆಲವು ದಿನ ಕಳೆದು ಕಾಫಿ ಕುಡಿಯುವಾಗ ಅಪ್ಪ ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡು ಎದುರಿಗಿದ್ದ ಅಮ್ಮನನ್ನು ನೋಡಿದರು. “ಬೈತಲೆ ಕಾಣ್ತಿದೆ,” ಎಂದರು. “ಅದರ ಕೆಳಗೆ ನೀರು ಅಲ್ಲಾಡಿದ ಹಾಗೆ ಒಂದು ಗೆರೆ.” ಮರುದಿನ ಕುಂಕುಮ ಕಂಡಿತು. ಆಮೇಲೆ ಹುಬ್ಬು, ಕಣ್ಣು. ಬೆಳಗಿನ ಕಾಫಿಗೆ ನಾವು ಮೂವರೂ ತಪ್ಪದೆ ಸೇರತೊಡಗಿದೆವು.

“ಇವತ್ತು ಮೂಗಿನವರೆಗೂ ಬಂದೆ,” ಎಂದರು ಒಂದು ದಿನ.

“ಬೇಗ ಬಾಯಿವರೆಗೂ ಬನ್ನಿ,” ಎಂದಳು ಅಮ್ಮ, ಮುಖ ಅಲ್ಲಾಡಿಸದೆ. “ಬೈಯೋದು ಬಹಳ ಬಾಕಿ ಇದೆ.”