ಫ್ರಿಜ್ಜಿನೊಳಗಿನ ಕೀ

ಅಮೆರಿಕದ ದೊಡ್ಡ ಸರೋವರವೊಂದರ ದಂಡೆಯ ಡುಲೂತ್ ಊರಿನಲ್ಲಿ ಮಾರ್ಲಿಸ್ ಊಡೆಗಾರ್ಡ್ ಅಂದರೆ ಶಾಲೆಯ ಬಸ್ಸು ಓಡಿಸುವ ಹೆಂಗಸು, ಅಷ್ಟೇ. ಅವಳು ಹಾಡು ಕಟ್ಟುತ್ತಾಳೆ, ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಹಾಡಿ ಕ್ಯಾಸೆಟ್ ಮಾಡಿ ಹಂಚುತ್ತಾಳೆ ಎಂಬುದು ಗೊತ್ತಿದ್ದವರು ಕಡಿಮೆ. ಗೊತ್ತಿದ್ದವರೂ ಬಾಯಿ ಬಿಡುತ್ತಿರಲಿಲ್ಲ. ಹೊಗಳುವುದಕ್ಕೆ ಅಲ್ಲಿನವರ ನಾಲಿಗೆ ಏಳುವುದಿಲ್ಲ. ಮದುವೆಯ ಊಟ ಎಷ್ಟೇ ಚೆನ್ನಾಗಿರಲಿ, ‘ಪರವಾಗಿಲ್ಲ’ ಎಂದರೆ ಅದೇ ದೊಡ್ಡ ಬಿರುದು.

ಅವಳ ಅಣ್ಣ ವೆರ್ಲಿನ್ ಅಷ್ಟನ್ನೂ ಹೇಳಿದವನಲ್ಲ. ಬಂದರಿನಲ್ಲಿ ಹಡಗು ರಿಪೇರಿ ಅವನ ಕೆಲಸ. ಅಪ್ಪ ಅಮ್ಮ ಹೋದ ಮೇಲೆ ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಅದೇ ಮನೆಯಲ್ಲಿ ಉಳಿದಿದ್ದರು. ತಂಗಿ ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡಿಂಗ್ ಯಂತ್ರ ಇಟ್ಟಳೆಂದರೆ, ಬೆಕ್ಕಿನ ಸಂಗೀತ ಕಚೇರಿ ಮುಗಿದ ಮೇಲೆ ನನ್ನನ್ನು ಕೂಗು ಎಂದು ಛೇಡಿಸಿ, ಬೂಟು ಮೆಟ್ಟಿಕೊಂಡು ಗ್ಯಾರೇಜು ಸೇರುತ್ತಿದ್ದ.

ಮನೆಯಲ್ಲೇ ಹಾಡು ಮುದ್ರಿಸುವವರಿಗೆ ಫ್ರಿಜ್ಜೇ ವೈರಿ. ಅದರ ಗುಂಯ್ ಸದ್ದು ಟೇಪಿನಲ್ಲಿ ಬಂದು ಕೂರುತ್ತದೆ. ಅದಕ್ಕೇ ಮಾರ್ಲಿಸ್ ಪ್ಲಗ್ ಕಿತ್ತು, ತನ್ನ ಕಾರಿನ ಕೀಯನ್ನು ಫ್ರಿಜ್ಜಿನೊಳಗೆ ಇಡುತ್ತಿದ್ದಳು. ಹೊರಗೆ ಹೊರಡಬೇಕಾದರೆ ಫ್ರಿಜ್ಜು ತೆರೆಯಲೇಬೇಕು, ಆಗ ಪ್ಲಗ್ ನೆನಪಾಗುತ್ತದೆ. ಆ ಕಸುಬಿನವರೆಲ್ಲ ಮಾಡುವ ಉಪಾಯವದು.

ಆದರೆ ಆ ನವೆಂಬರಿನಲ್ಲಿ ಹಿಮ ಸುರಿದು ಶಾಲೆಗೆ ದಿನಗಟ್ಟಲೆ ರಜೆ ಬಿತ್ತು. ವೆರ್ಲಿನ್ ಬೇರೊಂದು ಬಂದರಿನ ಕೆಲಸಕ್ಕೆ ಹೋಗಿದ್ದ. ಹಾಡೊಂದು ಬಂದಿತ್ತು, ಊಟ ನಿದ್ದೆಯ ಪರಿವೆಯಿಲ್ಲದೆ ಅದರ ಹಿಂದೆ ಬಿದ್ದವಳಿಗೆ ಮನೆ ಬಿಡುವ ಪ್ರಸಂಗವೇ ಬರಲಿಲ್ಲ. ಅವನು ಮರಳಿದಾಗ ಅಡುಗೆಮನೆಯ ನೆಲದ ತುಂಬ ಕೆಂಪು ನೀರು. ಅವನೇ ಬೇಟೆಯಾಡಿ ತಂದು, ಕೊಯ್ದು ಕಟ್ಟಿಟ್ಟಿದ್ದ ಇಡೀ ಚಳಿಗಾಲದ ಜಿಂಕೆ ಮಾಂಸ ನಾರುತ್ತಿತ್ತು. ಮೊಟ್ಟೆಗಳ ಪಕ್ಕ ಕಾರಿನ ಕೀ ತಣ್ಣಗೆ ಕೂತಿತ್ತು.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮಾಂಸವನ್ನು ಹೊರಗೆ ಸಾಗಿಸಿ, ಫ್ರಿಜ್ಜಿಗೆ ಮತ್ತೆ ಪ್ಲಗ್ ಹಾಕಿ ನೆಲ ಒರೆಸತೊಡಗಿದ. ಅವಳು ವೈರುಗಳನ್ನು ಸುತ್ತಿ ಯಂತ್ರವನ್ನು ಪೆಟ್ಟಿಗೆಗೆ ತುಂಬಿದಳು. ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟುಬಿಡುತ್ತೇನೆ, ಇನ್ನು ಹಾಡಿನ ಸಹವಾಸ ಸಾಕು ಎಂದಳು. ಅದು ಬಾಯಿಮಾತಲ್ಲ ಎಂದು ಅವನಿಗೆ ಗೊತ್ತಾಯಿತು.

“ನನ್ನ ಜಿಂಕೆಗಳನ್ನ ನುಂಗಿದ್ದು ಯಾವ ಹಾಡು ಅಂತ ನೋಡೋಣ, ಹಾಕು,” ಎಂದ. ಚುಚ್ಚುವುದಕ್ಕೇ ಕೇಳಿದ್ದು.

ಅವಳು ಕ್ಯಾಸೆಟ್ಟನ್ನು ಕಪಾಟಿನ ಮೇಲಿದ್ದ ಟೇಪ್‌ರೆಕಾರ್ಡರಿಗೆ ಹಾಕಿದಳು. ಸರೋವರದಲ್ಲಿ ಹಡಗಿನ ಮೇಲೆ ಅದಿರು ಹೊತ್ತು ಹೋದ ಅಪ್ಪನಿಗಾಗಿ ಅಮ್ಮ ಜಗುಲಿಯ ದೀಪ ಆರಿಸದೆ ಬಿಡುತ್ತಿದ್ದುದು ಹಾಡಿನಲ್ಲಿತ್ತು. ತನ್ನ ದನಿಯ ಮೇಲೆ ತಾನೇ ಇನ್ನೊಮ್ಮೆ ಹಾಡಿದ್ದಳು. ಅಡಿಯಲ್ಲಿದ್ದ ಆ ಎರಡನೆಯ ದನಿ, ಪಾತ್ರೆ ತೊಳೆಯುತ್ತ ಗುನುಗುತ್ತಿದ್ದ ಅಮ್ಮನದೇ ಎನ್ನುವಂತಿತ್ತು. ವೆರ್ಲಿನ್ ಒರೆಸುವ ಬಟ್ಟೆ ಹಿಡಿದು ನಿಂತಲ್ಲೇ ನಿಂತ. ದಿನಾ ಬೆಳಿಗ್ಗೆ ಬ್ರೆಡ್ಡು ಸೀಯಿಸುವ ಇವಳ ಗಂಟಲಲ್ಲಿ ಇಷ್ಟೊಂದು ಇತ್ತೇ? ತಾನು ಗೋಡೆಯಾಚೆ ಸ್ಪ್ಯಾನರ್ ಹಿಡಿದು ಕೂತಾಗಲೆಲ್ಲ ಇಲ್ಲಿ ಇದು ನಡೆಯುತ್ತಿತ್ತೇ? ತಂಗಿಯ ಮುಖ ನೋಡಲು ಅವನಿಗೆ ಒಂಥರಾ ಭಯವಾಯಿತು.

“ಕೊನೇಲಿ ಒಂದ್ಕಡೆ ಉಸಿರು ತಪ್ಪಿದೆ. ಇನ್ನೊಂದ್ಸಲ ಹಾಡಬೇಕಿತ್ತು. ಇರಲಿ ಬಿಡು,” ಎಂದಳು ಅವಳು.

ಅವನು ಪೆಟ್ಟಿಗೆಯಿಂದ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟ. ಫ್ರಿಜ್ಜಿನ ಪ್ಲಗ್ ಕಿತ್ತ. ಜೇಬಿನಿಂದ ತನ್ನ ಟ್ರಕ್ಕಿನ ಕೀ ತೆಗೆದು, ಒಳಗೆ ಅವಳ ಕೀಯ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದ. ಆಮೇಲೆ ಸದ್ದಾಗದಂತೆ ಬೂಟು ಬಿಚ್ಚಿ ಮೂಲೆಯ ಕುರ್ಚಿಯಲ್ಲಿ ಕೂತ.

“ಪರವಾಗಿಲ್ಲ ಕಣೇ,” ಎಂದ. “ಹಾಡು.”