ದಿಬ್ಬದ ಬುಡದ ಚಾಪೆ

ಕೊಲ್ಲಿ ಯುದ್ಧ ಮುಗಿದು ಮರುಭೂಮಿಯ ತೈಲಬಾವಿಗಳು ಉರಿಯುತ್ತಿದ್ದ ತೊಂಬತ್ತೊಂದರ ಆ ಮಧ್ಯಾಹ್ನ ಹೊಗೆಯ ಕತ್ತಲಿಗೆ ಕಾರಿನ ದೀಪ ಹಾಕಿಕೊಂಡೇ ಹೋಗಿದ್ದೆವು. ಕಂಪನಿಯ ಗುಮಾಸ್ತನಾದ ನನ್ನ ಜೊತೆ ನಾರ್ವೆಯ ಎಂಜಿನಿಯರೊಬ್ಬರಿದ್ದರು. ಹಿಂದೆ ಆರ್ಕ್ಟಿಕ್ ಬೆಟ್ಟಗಳಲ್ಲಿ ಹಿಮಕುಸಿತದ ಅಪಾಯವನ್ನು ಅಂದಾಜು ಮಾಡುತ್ತಿದ್ದವರು. ನಮ್ಮ ಬ್ಯಾರಿ ಡ್ರೈವರ್ ಗಾಳಿಗೆ ಮರೆಯಾಗಲೆಂದು ಕಡಿದಾದ ಮರಳು ದಿಬ್ಬದ ಬುಡದಲ್ಲಿ ನಮಾಜಿನ ಚಾಪೆ ಹಾಸಿದ.

ಎಂಜಿನಿಯರ್ ದಿಬ್ಬದ ಅಂಚನ್ನು ಸಲಿಕೆಯಿಂದ ಕತ್ತರಿಸಿ ನೋಡಿದರು. ಮೇಲೆ ಎಣ್ಣೆ, ಮಸಿ ಬಿದ್ದು ಗಟ್ಟಿಯಾದ ಪದರ. ಅದರಡಿ ಸಕ್ಕರೆಯಂತೆ ಉದುರುವ ಮರಳು. ಹಿಮದಲ್ಲಿ ಹೀಗೆ ಗಟ್ಟಿ ಪದರದ ಕೆಳಗೆ ಸಡಿಲ ಹರಳು ಕಂಡರೆ ಆ ಇಳಿಜಾರನ್ನು ನಂಬಬಾರದು, ಜಾರುವ ಮೊದಲು ಅದು ಒಳಗೊಳಗೇ ‘ಧುಂ’ ಎನ್ನುವುದುಂಟು ಎಂದರು. ಡ್ರೈವರನ್ನು ಕೂಗಿ ಅದನ್ನೇ ಹೇಳಿ, ಅಲ್ಲಿಂದ ಏಳು ಎಂದೆ.

“ಮರಳು ಮಾತಾಡ್ತದಾ ಮಾರಾಯ್ರೆ? ಇದೆಂಥ, ನಿಮ್ಮ ಊರಿನ ಭೂತವಾ?” ಎಂದು ನನ್ನತ್ತ ನೋಡಿ ನಗುತ್ತಲೇ ಚಾಪೆ ಎತ್ತಿಕೊಂಡು ಬಂದು ಕಾರಿನ ಪಕ್ಕ ನಮಾಜಿಗೆ ನಿಂತ.

ಆಗ ಹಿಂದಿನಿಂದ ಧುಂ ಎಂದಿತು. ನಿಜಕ್ಕೂ ಕೇಳಿದೆನೆ, ಆಮೇಲೆ ನೆನಪೇ ಸೇರಿಸಿಕೊಂಡಿತೆ, ಹೇಳಲಾರೆ. ಸದ್ದೇ ಇರಲಿಲ್ಲ ಎಂದು ಡ್ರೈವರ್ ಈಗಲೂ ವಾದಿಸುತ್ತಾನೆ. ತಿರುಗಿ ನೋಡಿದ್ದು ಮಾತ್ರ ಇಬ್ಬರಿಗೂ ನೆನಪಿದೆ. ಸುತ್ತೆಲ್ಲ ಕಪ್ಪಾಗಿದ್ದ ಆ ನೆಲದಲ್ಲಿ, ಚಾಪೆ ಹಾಸಿದ್ದ ಜಾಗದ ಮೇಲೆ, ಸೊಂಟದೆತ್ತರಕ್ಕೆ ಬಿಳಿ ಮರಳು ಬಿದ್ದಿತ್ತು.