ತಮ್ಮನ ತೊಡೆಗೆ ನಾನು ಚುಚ್ಚಿದ್ದು

ಮನೆಯಲ್ಲೊಬ್ಬಳು ನರ್ಸ್ ಇದ್ದರೆ ಸುತ್ತಲಿನವರಿಗೆಲ್ಲ ಸಲೀಸು. ನಾನು ಹೊನ್ನಾವರದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಾಯ್ಕಿಣಿಯ ನಮ್ಮ ಕೇರಿಯಲ್ಲಿ ಯಾರಿಗೆ ಇಂಜೆಕ್ಷನ್ ಬೇಕಾದರೂ, ಯಾರ ಬಿ.ಪಿ. ನೋಡಬೇಕಾದರೂ ನಾನು ಬಸ್ಸಿಳಿಯುವುದನ್ನೇ ಕಾಯುತ್ತಿರುತ್ತಾರೆ. ಬೈಯುತ್ತಲೇ ಮಾಡಿಕೊಡುತ್ತೇನೆ. ಆದರೆ ಆ ಸಂಜೆ ನನ್ನ ತಮ್ಮ, ಫ್ರಿಜ್ಜಿನಲ್ಲಿದ್ದ ದೋಸೆಹಿಟ್ಟಿನ ಪಕ್ಕದಿಂದ ಒಂದು ಪುಟ್ಟ ಸೀಸೆ ತೆಗೆದು ಕೈಗಿಟ್ಟಾಗ ನನಗೆ ಬೈಯಲೂ ಬಾಯಿ ಬರಲಿಲ್ಲ.

ತಮ್ಮ ಭಟ್ಕಳದ ಟೈಲ್ಸ್ ಅಂಗಡಿಯಲ್ಲಿದ್ದಾನೆ. ಅದು ಹೊಟ್ಟೆಪಾಡು, ಜೀವ ಇರುವುದು ಕಬಡ್ಡಿಯಲ್ಲಿ. ಮೂವತ್ನಾಲ್ಕು ತುಂಬಿದರೂ ಊರ ತಂಡಕ್ಕೆ ಅವನೇ ರೈಡರ್. ಹೆಬಳೆಯ ಪಂದ್ಯವೊಂದರಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿದು ನಾಲ್ಕು ಜನ ಎತ್ತಿಕೊಂಡು ಬಂದರು. ಎರಡು ತಿಂಗಳು ಅಂಗಣಕ್ಕೆ ಇಳಿಯಬೇಡ, ಆಮೇಲೆ ನೋಡೋಣ ಎಂದರು ಡಾಕ್ಟರು. ಆ ‘ನೋಡೋಣ’ವೇ ಅವನ ನಿದ್ದೆ ಕೆಡಿಸಿತು. ಇನ್ನು ಆಡಲಾರೆನೇನೋ ಎಂದು ಊಟ ಬಿಟ್ಟು ಕೂತ. ಕುಮಟಾದ ಜಿಮ್ಮಿನ ಗೆಳೆಯನೊಬ್ಬ ಎಲ್ಲಿಂದಲೋ ಈ ಸೀಸೆ ತರಿಸಿಕೊಟ್ಟ. ಒಳಗೆ ಚಿಟಿಕೆಯಷ್ಟು ಬಿಳಿ ಪುಡಿ.

“ಪೆಪ್ಟೈಡ್ ಅಕ್ಕ, ಗ್ರೋತ್ ಫ್ಯಾಕ್ಟರ್. ಹರ್ದ ಸ್ನಾಯು ಕೂಡ್ತದಂತೆ. ನೀ ದಿನಾ ಒಂದು ಚುಚ್ಚಿದ್ರೆ ಆತು.”

“ಇದ್ರ ಮೇಲೆ ಎಂತ ಬರ್ದಿದೆ, ಓದಿದ್ಯಾ?”

ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

“ಅದು ಸುಮ್ನೆ ಕಾನೂನಿಗೆ ಹಾಕೂದು ಮಾರಾಯ್ತಿ!”

ಮರುದಿನ ಡ್ಯೂಟಿಯ ಬಿಡುವಿನಲ್ಲಿ ಫೋನ್ ಹಿಡಿದು ಓದಿದೆ. ಸ್ನಾಯು ಹರಿದಾಗ ದೇಹವೇ ಇಂಥದ್ದೊಂದನ್ನು ತಯಾರಿಸಿ, ಸುಮ್ಮನಿರುವ ಜೀವಕೋಶಗಳನ್ನು ಎಬ್ಬಿಸಿ ದುರಸ್ತಿಗೆ ಹಚ್ಚುತ್ತದಂತೆ. ಸೀಸೆಯಲ್ಲಿರುವುದು ಅದರ ತುಣುಕಿನ ನಕಲು. ಇಲಿಗಳಿಗೆ ಗುಣವಾಯಿತು ಎಂದು ಒಂದು ಕಡೆ, ಏನೂ ಆಗಲಿಲ್ಲ ಎಂದು ಇನ್ನೊಂದು ಕಡೆ. ಮನುಷ್ಯರ ವಿಷಯ ಬಂದರೆ ಎಲ್ಲರದ್ದೂ ಒಂದೇ ಮಾತು, ಇನ್ನೂ ತಿಳಿಯಬೇಕಿದೆ. ಬೆಳೆಸುವ ಔಷಧಿಗೆ ತೊಡೆಯಲ್ಲಷ್ಟೇ ಬೆಳೆಸು, ಬೇರೆಲ್ಲೂ ಬೇಡ ಎಂದು ಹೇಳುವವರು ಯಾರು? ಅಪ್ಪ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಹೋದವರು. ನನಗೆ ಹೆದರಿಕೆಯಾಯಿತು. ನಾನು ಒಲ್ಲೆನೆಂದರೆ ತಮ್ಮ ಕುಮಟಾದಲ್ಲಿ ಯಾರ ಕೈಯಲ್ಲೋ ಚುಚ್ಚಿಸಿಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು.

ತಲೆ ಓಡದಿದ್ದಾಗ ನಮ್ಮಲ್ಲಿ ದೇವರ ಹತ್ತಿರ ಪ್ರಸಾದ ಕೇಳುತ್ತಾರೆ. ಭಟ್ಟರು ದೇವರ ಮೈಗೆ ಒದ್ದೆ ಎಸಳುಗಳನ್ನು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ನಮ್ಮಮ್ಮ, ನಾವು ಆಯಿ ಎನ್ನುತ್ತೇವೆ, ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋಗಿ ಓಡೋಡಿ ಬಂದಳು.

“ಬಲಕ್ಕೇ ಆತು! ಕೈ ಮುಗಿಯೂದ್ರೊಳಗೆ ಬಿತ್ತು. ಕೊಟ್ಬಿಡು ಅವಂಗೆ.”

ಸುಳ್ಳೇಕೆ ಹೇಳಲಿ, ನನಗೂ ಮನಸ್ಸು ಹಗುರಾಯಿತು. ಸೀಸೆಯನ್ನು ಕೈಗೆತ್ತಿಕೊಳ್ಳುತ್ತ ಕೇಳಿದೆ, “ಎಂತ ಹೇಳಿ ಕೇಳ್ದೆ ಆಯಿ?”

“ಮಗನ ಕಾಲು ಸರಿ ಆಗ್ತದಾ ಹೇಳಿ ಕೇಳ್ದೆ.”

“ಇಂಜೆಕ್ಷನ್ ಕೊಡೂದಾ ಬ್ಯಾಡ್ವಾ ಕೇಳ್ಲಿಲ್ವಾ?”

“ಎರಡೂ ಒಂದೇ ಅಲ್ವನೇ?”

ಸೀಸೆಯನ್ನು ಮತ್ತೆ ಫ್ರಿಜ್ಜಿಗೇ ಇಟ್ಟೆ. ಆಯಿ ಕೇಳಿದ್ದಕ್ಕೆ ದೇವರು ಉತ್ತರ ಕೊಟ್ಟಿದ್ದ, ನಾವು ಅದನ್ನು ಕೇಳದೇ ಇದ್ದ ಪ್ರಶ್ನೆಗೆ ಹೊಂದಿಸಿಕೊಂಡಿದ್ದೆವು. ಇಲಿಗಳಿಗೆ ಬಂದ ಉತ್ತರವನ್ನು ತಮ್ಮ ತನ್ನ ತೊಡೆಗೆ ಬಂದದ್ದೆಂದುಕೊಂಡದ್ದೂ ಹೀಗೆಯೇ. ಇನ್ನೊಮ್ಮೆ ಸರಿಯಾಗಿ ಕೇಳಿ ಬಾ ಎಂದರೆ ಆಯಿ ಒಪ್ಪಲಿಲ್ಲ. ಒಮ್ಮೆ ಅಪ್ಪಣೆಯಾದ ಮೇಲೆ ಮತ್ತೆ ಕೇಳುವುದು ದೇವರನ್ನು ಪರೀಕ್ಷೆ ಮಾಡಿದಂತೆ ಎಂದಳು.

ಕೊನೆಗೆ ಸರಿಯೋ ತಪ್ಪೋ ಗೊತ್ತಿಲ್ಲದ ಕೆಲಸ ಮಾಡಿದೆ. ಪುಡಿಯನ್ನು ಮೋರಿಗೆ ಚೆಲ್ಲಿ, ದಿನಾ ಸಂಜೆ ತಮ್ಮನಿಗೆ ಬರೀ ಸಲೈನ್, ಅಂದರೆ ಉಪ್ಪುನೀರು, ಚುಚ್ಚಿದೆ. ಇಂಜೆಕ್ಷನ್ ಕೆಲಸ ಮಾಡಬೇಕಾದರೆ ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸಬಾರದು ಎಂದು ಗದರಿಸಿದೆ. ಅವನು ಚಾಚೂ ತಪ್ಪದೆ ಮಾಡಿದ. ಮೂರನೇ ದಿನಕ್ಕೇ ನೋವು ಅರ್ಧ ಇಳಿಯಿತೆಂದ. ಎರಡು ತಿಂಗಳು ಕಳೆದು ಅಂಗಣಕ್ಕಿಳಿದಾಗ ಮೊದಲಿಗಿಂತ ಚುರುಕಾಗಿದ್ದ. ನಾನು ಬದಿಯಲ್ಲಿ ನಿಂತು ಅತ್ತೆ. ಖುಷಿಗೋ ನಾಚಿಕೆಗೋ ತಿಳಿಯಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅವನು ಸಿಕ್ಕಿದವರಿಗೆಲ್ಲ ಪೆಪ್ಟೈಡಿನ ಪವಾಡ ಹೇಳಿದ. ತಂಡದ ಇಬ್ಬರು ಅದನ್ನೇ ತರಿಸಿಕೊಂಡು, ಚುಚ್ಚಿಕೊಡಕ್ಕ ಎಂದು ನಮ್ಮ ಜಗಲಿಗೆ ಬಂದು ಕೂತರು. ಒಬ್ಬನಿಗೆ ಪುಟ್ಟ ಮಗಳಿದ್ದಾಳೆ. ಕೊಡುವುದಿಲ್ಲ ಎಂದು ಅವರನ್ನು ಕಳಿಸಿ, ತಮ್ಮನನ್ನು ಒಳಗೆ ಕರೆದು ಎಲ್ಲ ಹೇಳಿಬಿಟ್ಟೆ.

ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ತೊಡೆ ಸವರಿಕೊಳ್ಳುತ್ತ ಕೇಳಿದ, “ಹಾಂಗಾರೆ ಇದು ಎಂತದ್ರಿಂದ ಸರಿ ಆದ್ದು?”

“ದಿನ ಕಳ್ದದ್ರಿಂದ, ವ್ಯಾಯಾಮದಿಂದ ಆಗಿರ್ಬೇಕು. ನಂಗೆ ಖಂಡಿತ ಗೊತ್ತಿಲ್ಲ ತಮಾ.”

ತಮ್ಮನಿಂದ ವಿಷಯ ತಿಳಿದು ಆ ಇಬ್ಬರೂ ಸೀಸೆ ಬಿಸಾಡಿದರು, ಅದೊಂದು ಒಳ್ಳೆಯದಾಯಿತು. ಆದರೆ ಮುಂದಿನ ಭಾನುವಾರ ಆಟದಲ್ಲಿ ರೈಡಿಗೆಂದು ನಡುಗೆರೆಯವರೆಗೆ ಹೋದ ತಮ್ಮ, ಎದುರಿನ ಅಂಗಣಕ್ಕೆ ಕಾಲಿಡದೆ ವಾಪಸು ಬಂದ. ತೊಡೆ ಸೆಳೆಯುತ್ತಿದೆ ಎಂದ. ಡಾಕ್ಟರು ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಏನೂ ತೊಂದರೆಯಿಲ್ಲ ಎಂದರು. ಅವನಿಗೆ ನೋವಂತೂ ಇದೆ. ಅವನು ನಟಿಸುವವನಲ್ಲ.

ಮೊನ್ನೆ ಡ್ಯೂಟಿ ಮುಗಿಸಿ ಬಂದು ಚಾ ಕುಡಿಯುತ್ತಿದ್ದೆ. ಎದುರಿಗೆ ಬಂದು ಕೂತ. “ಅಕ್ಕ, ಆ ನೀರೇ ಆತು, ಮತ್ತೊಂದ್ಸಲ ಚುಚ್ತ್ಯಾ?” ಎಂದ.